‘ಡೆತ್’ ಅಂತ ಬರೆದಿರುವುದು ಅಪ್ಪನ ಸಾವಿನ ಮಾತಲ್ಲ

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಎರಡು ಎಕರೆ ಅಡಿಕೆ ತೋಟ ನೋಡಿಕೊಂಡಿದ್ದ ಅವರ ಅಪ್ಪನಿಗೆ ಹೊಟ್ಟೆಯ ಕ್ಯಾನ್ಸರ್. ಲಿವರ್‌ಗೂ ಹಬ್ಬಿದೆ. ಬಯಾಪ್ಸಿ ರಿಪೋರ್ಟಿನ ಕೊನೆಯಲ್ಲಿ ‘ಪಿಡಿ-ಎಲ್1, ಸಿಪಿಎಸ್ 8’ ಎಂದಿದೆ. ಅವರ ಚಿಕ್ಕಪ್ಪ ಮೊಬೈಲಿನಲ್ಲಿ ಹುಡುಕಿ, ಪಿಡಿ ಅಂದರೆ ‘ಪ್ರೋಗ್ರಾಮ್ಡ್ ಡೆತ್’ ಎಂದು ಓದಿ, ‘ಸಾವು ಮೊದಲೇ ಬರೆದಿಟ್ಟಾಗಿದೆ, ಇನ್ನು ದುಡ್ಡು ಸುರಿದು ಏನು ಬಂತು’ ಎಂದರಂತೆ. ಅವತ್ತಿನಿಂದ ಮನೆಯಲ್ಲಿ ಯಾರಿಗೂ ಊಟ ಸೇರುತ್ತಿಲ್ಲ. ‘ಈ ಸಾವಿನ ಪ್ರೊಟೀನ್ ಅಂದರೆ ಏನು? ಚಿಕ್ಕಪ್ಪ ಹೇಳಿದ್ದು ನಿಜವಾ?’ ಎಂದು ಕೇಳಿದ್ದಾರೆ.

ತಂಗೀ, ಮೊದಲೇ ಹೇಳಿಬಿಡುತ್ತೇನೆ. ನಿಜವಲ್ಲ. ಆ ಹೆಸರಿನಲ್ಲಿರುವ ಸಾವು ಜೀವಕೋಶದ್ದು, ಮನುಷ್ಯನದ್ದಲ್ಲ. ನಾನು ಡಾಕ್ಟರಲ್ಲ. ಆದರೆ ನಿಮ್ಮ ಕಾಗದ ಓದಿದ ಮೇಲೆ ಸುಮ್ನೆ ಕೂರಲು ಆಗಲಿಲ್ಲ. ಓದಿ, ತಿಳಿದವರನ್ನು ಕೇಳಿ ಬರೆಯುತ್ತಿದ್ದೇನೆ.

ನಿಮ್ಮ ತೋಟದಿಂದಲೇ ಶುರು ಮಾಡೋಣ. ಅಡಿಕೆ ಮರದಲ್ಲಿ ಹಳೆಯ ಸೋಗೆ ಹಣ್ಣಾಗುತ್ತದೆ, ಒಣಗುತ್ತದೆ, ಒಂದು ದಿನ ಹಾಳೆ ಸಮೇತ ಕಳಚಿ ಬೀಳುತ್ತದೆ. ಯಾರೂ ಕೀಳುವುದಿಲ್ಲ. ಮರಕ್ಕೆ ಗಾಯವೂ ಆಗುವುದಿಲ್ಲ, ಬಳೆಯಂಥ ಒಂದು ಗುರುತು ಉಳಿಯುತ್ತದೆ ಅಷ್ಟೆ. ಆ ಹಾಳೆ ಬಿದ್ದರೇನೇ ಒಳಗಿನ ಸಿಂಗಾರ ಬಿಚ್ಚಿಕೊಳ್ಳಲು ಜಾಗ. ಕೊಳೆ ರೋಗ ಬಂದು ಕಾಯಿ ಉದುರುವುದು ಬೇರೆ, ಹಾಳೆ ಬೀಳುವುದು ಬೇರೆ ಎಂದು ಅಪ್ಪನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಅಲ್ವಾ?

ನಮ್ಮ ಮೈಯ ಜೀವಕೋಶಗಳೂ ಹೀಗೇ ಸಮಯ ಬಂದಾಗ ತಾವಾಗಿಯೇ ಕಳಚಿಕೊಳ್ಳುತ್ತವೆ. 1972ರಲ್ಲಿ ಕೆರ್, ವೈಲಿ, ಕರಿ ಎಂಬ ಮೂವರು ವಿಜ್ಞಾನಿಗಳು ಇದಕ್ಕೆ ಅಪಾಪ್ಟೋಸಿಸ್ ಎಂದು ಹೆಸರಿಟ್ಟರು. ಗ್ರೀಕ್ ಮೇಷ್ಟ್ರೊಬ್ಬರು ಸೂಚಿಸಿದ ಪದ ಅದು. ಅರ್ಥ, ಮರದಿಂದ ಎಲೆ ಉದುರುವುದು. ತಾಯಿಯ ಹೊಟ್ಟೆಯಲ್ಲಿ ಕೂಸಿನ ಕೈ ಮೊದಲು ಸೌಟಿನ ಹಾಗೆ ಇರುತ್ತದೆ. ನಡುವಿನ ಕೋಶಗಳು ಸತ್ತು ದಾರಿ ಬಿಟ್ಟ ಮೇಲೆ ಐದು ಬೆರಳು ಬಿಡಿಯಾಗುತ್ತವೆ. ಹೊಟ್ಟೆಯ ಒಳಪದರವಂತೂ ಕೆಲವೇ ದಿನಕ್ಕೊಮ್ಮೆ ಹೊಸದಾಗುತ್ತಿರುತ್ತದೆ. ಹಳೆಯವು ಹೋಗಲೇಬೇಕು.

ಈ ಕೆಲಸ ಮಾಡಿಸುವ ಪ್ರೊಟೀನ್‌ಗಳು ಹಲವು. ಕೋಶದ ಡಿಎನ್ಎ ಸರಿಪಡಿಸಲಾಗದಷ್ಟು ಕೆಟ್ಟರೆ ಪಿ53 ಎಂಬುದು ‘ಇನ್ನು ನೀನು ಇರಬಾರದು’ ಎಂದು ಸೂಚನೆ ಕೊಡುತ್ತದೆ. ಬ್ಯಾಕ್ಸ್ ಎಂಬುದು ಕೋಶಕ್ಕೆ ಶಕ್ತಿ ಕೊಡುವ ಮೈಟೋಕಾಂಡ್ರಿಯಕ್ಕೆ ತೂತು ಮಾಡುತ್ತದೆ. ಆಮೇಲೆ ಕ್ಯಾಸ್ಪೇಸ್‌ಗಳು ಎದ್ದು ಒಳಗಿನದನ್ನೆಲ್ಲ ಕತ್ತರಿಸುತ್ತವೆ. ಚೂರುಗಳನ್ನು ಅಕ್ಕಪಕ್ಕದ ಕೋಶಗಳು ನುಂಗಿ ಜಾಗ ಶುಚಿ ಮಾಡುತ್ತವೆ. ಬಿಸಿಎಲ್-2 ಎಂಬುದು ಇದನ್ನು ತಡೆದು ಹಿಡಿಯುವಂಥದ್ದು. ಹೊಟ್ಟೆ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಪಿ53 ಕೆಟ್ಟಿರುತ್ತದೆ. ಕೆಲವು ಬಗೆಯಲ್ಲಿ ಬ್ಯಾಕ್ಸ್ ಕೆಟ್ಟಿರುತ್ತದೆ. ಅಂದರೆ ಚಿಕ್ಕಪ್ಪ ತಿಳಿದುಕೊಂಡಿದ್ದಕ್ಕೆ ಪೂರ್ತಿ ಉಲ್ಟಾ. ಸಾಯಬೇಕಾದ ಕೋಶ ಸಾಯದೆ ಉಳಿದುಕೊಂಡಿದ್ದೇ ಅಪ್ಪನ ಕಾಯಿಲೆ.

ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಹತ್ತಾರು ವರ್ಷ ಹೊಟ್ಟೆಯಲ್ಲಿ ಕೂತರೂ ಇಂಥದ್ದಕ್ಕೆ ದಾರಿಯಾಗುತ್ತದೆ. 1994ರಲ್ಲೇ ಅದನ್ನು ಕ್ಯಾನ್ಸರ್ ತರುವಂಥವುಗಳ ಪಟ್ಟಿಗೆ ಸೇರಿಸಿದ್ದಾರೆ. ‘ಒಂದು ವರ್ಷ ಗ್ಯಾಸ್ಟ್ರಿಕ್ ಅಂತ ಜೀರಿಗೆ ಕಷಾಯ ಕುಡಿಸುತ್ತಾ ಕೂತೆವು, ತಪ್ಪು ನಮ್ಮದೇ’ ಎಂದು ಬರೆದಿದ್ದೀರಿ. ಆ ಸಾಲು ಓದಿ ಸಂಕಟವಾಯಿತು. ನಮ್ಮ ಮನೆಯಲ್ಲೂ ಮಾವನೊಬ್ಬರಿಗೆ ಹೀಗೇ ಮಾಡಿದ್ದೆವು. ಇದರ ಶುರುವಿನ ಲಕ್ಷಣ ಅಜೀರ್ಣದ ಹಾಗೇ ಇರುತ್ತದೆ. ನೀವು ಬೇಕೆಂದು ಮಾಡಿದ್ದಲ್ಲ.

ಈಗ ಪಿಡಿ-ಎಲ್1. ಇದರ ಕತೆ ಬೇರೆಯೇ. 1992ರಲ್ಲಿ ಜಪಾನಿನ ಕ್ಯೋಟೋದಲ್ಲಿ ತಸುಕು ಹೊಂಜೊ ಅವರ ತಂಡ, ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು ಸಾಯುವುದು ಹೇಗೆ ಎಂದು ಹುಡುಕುತ್ತಿತ್ತು. ಆಗ ಸಿಕ್ಕಿದ ಪ್ರೊಟೀನಿಗೆ ಪಿಡಿ-1 ಎಂದು ಹೆಸರಿಟ್ಟರು. ಆಮೇಲೆ ನೋಡಿದರೆ ಅದರ ಮುಖ್ಯ ಕೆಲಸ ಕೊಲ್ಲುವುದಲ್ಲ, ಬ್ರೇಕ್ ಹಾಕುವುದು! 1999ರಲ್ಲಿ ಪಿಡಿ-1 ಇಲ್ಲದ ಇಲಿಗಳನ್ನು ಗಮನಿಸಿದಾಗ ಅವುಗಳ ರಕ್ತಕಣಗಳು ತಮ್ಮ ಮೈಯ ಮೇಲೆಯೇ ತಿರುಗಿಬಿದ್ದಿದ್ದವು. ಹೆಸರು ಮಾತ್ರ ಹಾಗೇ ಉಳಿದುಕೊಂಡಿತು. ಅದೇ ಹೆಸರು ಇವತ್ತು ನಿಮ್ಮ ಮನೆಯವರ ನಿದ್ದೆ ಕೆಡಿಸಿದೆ. ರಕ್ತಕಣಗಳ ಇಂಥ ಬ್ರೇಕ್‌ಗಳನ್ನು ಬಿಡಿಸುವ ದಾರಿ ತೋರಿಸಿದ್ದಕ್ಕೆ ಹೊಂಜೊ ಮತ್ತು ಅಮೆರಿಕದ ಜೇಮ್ಸ್ ಆಲಿಸನ್ ಅವರಿಗೆ 2018ರಲ್ಲಿ ನೊಬೆಲ್ ಬಂತು.

ಬಿಳಿ ರಕ್ತಕಣ ಹತ್ತಿರ ಬಂದಾಗ ಕ್ಯಾನ್ಸರ್ ಕೋಶ ತನ್ನ ಮೈಮೇಲಿನ ಪಿಡಿ-ಎಲ್1 ಅನ್ನು ಮುಂದೆ ಚಾಚುತ್ತದೆ. ಅದು ಹೋಗಿ ರಕ್ತಕಣದ ಮೈಮೇಲಿರುವ ಪಿಡಿ-1 ಅನ್ನು ಒತ್ತುತ್ತದೆ. ಬ್ರೇಕ್ ಬೀಳುತ್ತದೆ, ರಕ್ತಕಣ ಹಾಗೇ ಸುಮ್ಮನಾಗುತ್ತದೆ. ನಿವೊಲುಮ್ಯಾಬ್, ಪೆಂಬ್ರೊಲಿಜುಮ್ಯಾಬ್ ಎಂಬ ಔಷಧಿಗಳು ಈ ಬ್ರೇಕ್ ಒತ್ತದ ಹಾಗೆ ಅಡ್ಡ ನಿಲ್ಲುತ್ತವೆ. ಸಿಪಿಎಸ್ ಎಂದರೆ ಗಡ್ಡೆಯಲ್ಲಿ ಪಿಡಿ-ಎಲ್1 ಎಷ್ಟು ಕಾಣುತ್ತಿದೆ ಎಂಬ ಲೆಕ್ಕ. ಅದು ಜಾಸ್ತಿ ಇದ್ದರೆ ಈ ಔಷಧಿ ಹಿಡಿಯುವ ಸಾಧ್ಯತೆಯೂ ಸಾಮಾನ್ಯವಾಗಿ ಜಾಸ್ತಿ. ನಿಮ್ಮ ಚಿಕ್ಕಪ್ಪನನ್ನು ಹೆದರಿಸಿದ ಆ 8, ಚಿಕಿತ್ಸೆಗೆ ಒಂದು ಬಾಗಿಲು ಇದೆ ಎಂದು ಹೇಳುವ ಅಂಕಿ.

ಬಾಗಿಲು ಎಷ್ಟು ದೊಡ್ಡದು ಎಂಬುದನ್ನೂ ಮುಚ್ಚಿಡಬಾರದು. 2021ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ, ಸಿಪಿಎಸ್ 5 ಅಥವಾ ಅದಕ್ಕಿಂತ ಜಾಸ್ತಿ ಇದ್ದವರ ಪೈಕಿ ಬರೀ ಕೀಮೋ ಪಡೆದವರ ಮಧ್ಯದ ಅಂಕಿ 11.1 ತಿಂಗಳು. ಜೊತೆಗೆ ನಿವೊಲುಮ್ಯಾಬ್ ಪಡೆದವರದು 14.4 ತಿಂಗಳು. ಮಧ್ಯದ ಅಂಕಿ ಎಂದರೆ ಅರ್ಧ ಜನ ಅದಕ್ಕಿಂತ ಕಡಿಮೆ, ಅರ್ಧ ಜನ ಅದಕ್ಕಿಂತ ಜಾಸ್ತಿ ದಿನ ಬದುಕಿದ್ದರು ಅಂತ. ಅಪ್ಪ ಯಾವ ಕಡೆ ಎಂದು ಯಾರೂ ಮೊದಲೇ ಹೇಳಲಾರರು. ಔಷಧಿ ದುಬಾರಿ. ತೋಟ ಅಡ ಇಡುವ ಮಾತು ಬರೆದಿದ್ದೀರಿ. ದಯವಿಟ್ಟು ಅಪ್ಪನನ್ನು ಕೇಳದೆ ಆ ಕಾಗದಕ್ಕೆ ಸಹಿ ಹಾಕಬೇಡಿ.

ಇನ್ನೊಂದು ಮಾತು. ಬ್ರೇಕ್ ಬಿಟ್ಟ ರಕ್ತಕಣಗಳು ಒಮ್ಮೊಮ್ಮೆ ಕರುಳು, ಶ್ವಾಸಕೋಶ, ಥೈರಾಯ್ಡ್ ಮೇಲೂ ಬೀಳುತ್ತವೆ. ಔಷಧಿ ಶುರುವಾದ ಮೇಲೆ ಭೇದಿ ಹತ್ತಿದರೆ, ಏದುಸಿರು ಬಂದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಬೇಗ ಗೊತ್ತಾದರೆ ಹೆಚ್ಚಿನ ಸಲ ಸ್ಟಿರಾಯ್ಡ್ ಕೊಟ್ಟು ಹತೋಟಿಗೆ ತರುತ್ತಾರೆ.

ಮುಂದಿನ ಸಲ ಹೋಗುವಾಗ ಒಂದು ನೋಟ್‌ಬುಕ್ ಇರಲಿ. ಯಾವ ಔಷಧಿ ಹಿಡಿಯಬಹುದು ಎಂದು ತಿಳಿಯಲು ಗಡ್ಡೆಯ ಚೂರಿನಲ್ಲಿ ಮಾಡುವ ಹೆರ್2, ಎಂಎಸ್ಐ ಪರೀಕ್ಷೆ ಆಗಿದೆಯಾ, ಕೀಮೋ ಜೊತೆಗೆ ಈ ಔಷಧಿ ಇವರಿಗೆ ಆಗುತ್ತದಾ, ಒಟ್ಟು ಖರ್ಚು ಎಷ್ಟು ಎಂದು ಕೇಳಿ ಬರೆದುಕೊಳ್ಳಿ. ಚಿಕ್ಕಪ್ಪನೂ ಬರಲಿ, ಅವರ ಭಯವೂ ಪ್ರೀತಿಯದ್ದೇ. ಹೋದ ಸಲ ಅಪ್ಪನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ನೀವೆಲ್ಲ ಒಳಗೆ ಹೋದಿರಿ ಎಂದು ಬರೆದಿದ್ದೀರಿ. ಈ ಸಲ ಅವರನ್ನೂ ಒಳಗೆ ಕರೆದುಕೊಂಡು ಹೋಗಿ.

– ಸಂ.