ಆಫೀಸಿನವರೆಲ್ಲ ಒಂದು ದಿನ ಸಮುದಾಯ ತೋಟದಲ್ಲಿ ಕೆಲಸ ಮಾಡಿದರೆ ತಂಡ ಒಂದಾಗುತ್ತದಾ?

ನಿಮ್ಮ ಆಫೀಸಿನ 40 ಜನರನ್ನು ಒಂದು ದಿನ ಸಮುದಾಯ ತೋಟಕ್ಕೆ ಸ್ವಯಂಸೇವೆಗೆ ಕರೆದುಕೊಂಡು ಹೋಗಿ ಅಂತ ಎಚ್‌ಆರ್‌ನವರು ನಿಮಗೆ ವಹಿಸಿದ್ದಾರೆ. ಇದರಿಂದ ತಂಡ ನಿಜವಾಗಿ ಒಂದಾಗುತ್ತದಾ, ಇಲ್ಲ ಫೋಟೋ ತೆಗೆಸಿಕೊಂಡು ಬರುವಲ್ಲಿಗೆ ಮುಗಿಯುತ್ತದಾ ಅಂತ ನೀವು ಕೇಳಿದ್ದೀರಿ.

ಆಗುತ್ತದೆ. ಆದರೆ ಆ ದಿನ ನೀವು ಮಾಡುವ ಕೆಲಸ ತೋಟಕ್ಕೆ ನಿಜವಾಗಿ ಬೇಕಾಗಿರಬೇಕು. ನೀವು ಬರುತ್ತೀರಿ ಅಂತ ಹುಡುಕಿಟ್ಟ ಕೆಲಸದಿಂದ ಏನೂ ಆಗುವುದಿಲ್ಲ. ನಾನು ಎರಡೂ ಕಡೆ ನಿಂತು ನೋಡಿದ್ದೇನೆ. ಮೊದಲು ಆಫೀಸಿನ ಗುಂಪಿನ ಜೊತೆ ಹೋಗುತ್ತಿದ್ದೆ. ಈಗ ಕೆಲವು ವರ್ಷಗಳಿಂದ, ಹಲವು ಕುಟುಂಬಗಳು ಸೇರಿ ಬೆಳೆದು ಹಂಚಿಕೊಳ್ಳುವ ಒಂದು ತೋಟದಲ್ಲಿ, ಹೊರಗಿನಿಂದ ಬರುವ ಸ್ವಯಂಸೇವಕರಿಗೆ ಕೆಲಸ ಹಂಚುವುದು ನನ್ನ ಜವಾಬ್ದಾರಿ.

ಒಂದು ಕಂಪನಿಯ ಗುಂಪು ಬಂದ ದಿನವನ್ನು ನಾನು ಮರೆಯುವ ಹಾಗಿಲ್ಲ. ಸುಮಾರು 50 ಜನ. ಅಷ್ಟು ಜನಕ್ಕೆ ಕೆಲಸ ಇರಲಿಲ್ಲ, ಆದರೂ ಬೇಡ ಅನ್ನಲು ಮನಸ್ಸಾಗದೆ ಕ್ಯಾರೆಟ್ ಮಡಿಗಳಲ್ಲಿ ಕಳೆ ಕೀಳಲು ಬಿಟ್ಟೆವು. ಕ್ಯಾರೆಟ್ ಮೊಳಕೆ ಬಂದಾಗ ಮೊದಲು ಬರುವುದು ಎರಡು ಸಪೂರ ಎಲೆ, ನೋಡಲು ಥೇಟ್ ಹುಲ್ಲು. ಗರಿಯಂಥ ಎಲೆ ಬರುವುದು ಆಮೇಲೆ. ಅದನ್ನು ಯಾರೂ ಕೂತು ತೋರಿಸಲಿಲ್ಲ. ಎರಡು ಗಂಟೆಯಲ್ಲಿ ಎರಡು ಮಡಿ ಪೂರ್ತಿ ಖಾಲಿ, ಕಳೆಯೂ ಇಲ್ಲ ಕ್ಯಾರೆಟ್ಟೂ ಇಲ್ಲ. ಕ್ಯಾರೆಟ್ ಬೀಜ ಮೊಳೆಯಲು ಒಂದರಿಂದ ಮೂರು ವಾರ ಬೇಕು, ಅಷ್ಟು ದಿನ ಮೇಲ್ಮಣ್ಣು ಒಣಗದ ಹಾಗೆ ನೀರು ಚಿಮುಕಿಸುತ್ತಲೇ ಇರಬೇಕು. ಆ ಮಡಿಗಳನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ಒಂದು ಮಾತೂ ಆಡಲಿಲ್ಲ. ಕಿತ್ತ ಸಸಿಗಳನ್ನೆಲ್ಲ ಮಂಕರಿಗೆ ತುಂಬಿಕೊಂಡು ಹೋಗಿ ಗೊಬ್ಬರದ ಗುಂಡಿಗೆ ಹಾಕಿ ಬಂದರು. ಬಂದವರ ತಪ್ಪಲ್ಲ ಅದು, ಅವರು ಪ್ರೀತಿಯಿಂದಲೇ ದುಡಿದಿದ್ದರು. ಗೊತ್ತಾದ ಮೇಲೆ ಅವರ ಮುಖವೂ ಬಾಡಿತು. ಒಂದು ತಂಡ ಆ ಮುಖ ಹೊತ್ತುಕೊಂಡು ವಾಪಸ್ ಹೋಗಬಾರದು ಅಲ್ವಾ?

ಹಾಗಾಗಿ ತಾರೀಕು ಗೊತ್ತು ಮಾಡುವ ಮೊದಲು ತೋಟದವರಿಗೆ ಫೋನ್ ಮಾಡಿ. "ನಾವು 40 ಜನ ಬರುತ್ತೇವೆ, ಏನು ಕೊಡುತ್ತೀರಿ" ಅಂತ ಶುರು ಮಾಡಬೇಡಿ. ನಿಮಗೆ ಯಾವ ವಾರ ಕೈ ಸಾಲುವುದಿಲ್ಲ, ಯಾವ ಕೆಲಸ ಹಿಂದೆ ಬಿದ್ದಿದೆ, ಅದಕ್ಕೆ ಎಷ್ಟು ಜನ ಸಾಕು ಅಂತ ಕೇಳಿ. 10 ಜನ ಸಾಕು ಅಂದರೆ 10 ಜನರೇ ಹೋಗಿ. 40 ಜನ ಒಂದು ಸಲ ಹೋಗುವುದಕ್ಕಿಂತ ಹತ್ತತ್ತು ಜನ ನಾಲ್ಕು ಸಲ ಹೋಗುವುದು ತೋಟಕ್ಕೂ ಒಳ್ಳೆಯದು, ನಿಮಗೂ ಒಳ್ಳೆಯದು. 40 ಜನ ಒಟ್ಟಿಗೆ ಹೋದರೆ ಆಫೀಸಿನಲ್ಲಿ ಜೊತೆಗೆ ಊಟ ಮಾಡುವವರೇ ಅಲ್ಲೂ ಗುಂಪು ಕಟ್ಟಿಕೊಳ್ಳುತ್ತಾರೆ.

ಕೆಲಸ ನಿಜದ್ದಾಗಿರಬೇಕು ಅಂತ ನಾನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಸುಮ್ನೆ ಒಂದು ಕಡೆ ಸೇರಿಸಿದ ಮಾತ್ರಕ್ಕೆ ಜನ ಹತ್ತಿರವಾಗುವುದಿಲ್ಲ. 1954ರಲ್ಲಿ ಮುಜಾಫರ್ ಶೆರಿಫ್ ಅನ್ನುವ ಮನಃಶಾಸ್ತ್ರಜ್ಞರು ಅಮೆರಿಕದ ಒಕ್ಲಹಾಮಾದಲ್ಲಿ 11-12 ವರ್ಷದ ಹುಡುಗರ ಒಂದು ಶಿಬಿರ ಮಾಡಿದ್ದರು. ಹುಡುಗರನ್ನು ಎರಡು ಗುಂಪು ಮಾಡಿ ಪಂದ್ಯ ಕಟ್ಟಿದರು, ಜಗಳ ಹತ್ತಿತು. ಆಮೇಲೆ ಒಟ್ಟಿಗೆ ಊಟಕ್ಕೆ ಕೂರಿಸಿದರೂ ಜಗಳ ನಿಲ್ಲಲಿಲ್ಲ, ತಟ್ಟೆಯಲ್ಲಿದ್ದದ್ದನ್ನೇ ಎಸೆದಾಡಿದರು. ಕಡೆಗೆ ಶಿಬಿರಕ್ಕೆ ಬರುವ ನೀರು ನಿಂತಾಗ, ಊಟ ತರಬೇಕಾದ ಲಾರಿ ಸ್ಟಾರ್ಟ್ ಆಗದಾಗ, ಎರಡೂ ಗುಂಪು ಸೇರಿ ಹಗ್ಗ ಕಟ್ಟಿ ಲಾರಿ ಎಳೆದರು. ಇಂಥವು ಒಂದರ ಮೇಲೊಂದು ಬಂದ ಮೇಲೆ ದ್ವೇಷ ಕರಗುತ್ತಾ ಹೋಯಿತು. ಮಕ್ಕಳ ಶಿಬಿರ ಬೇರೆ, ಆಫೀಸು ಬೇರೆ, ನಿಜ. ಆದರೂ ಒಬ್ಬರ ಕೈಲಿ ಆಗದ, ಎಲ್ಲರಿಗೂ ಬೇಕಾದ ಕೆಲಸ ಎದುರಿಗಿದ್ದಾಗ ಏನಾಗುತ್ತದೆ ಅನ್ನುವುದನ್ನು ನಾನು ತೋಟದಲ್ಲಿ ಮತ್ತೆ ಮತ್ತೆ ನೋಡಿದ್ದೇನೆ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಅನ್ನುತ್ತಾರಲ್ಲ, ಆ ಥರದ ಕೆಲಸ.

ಗೊಬ್ಬರದ ರಾಶಿ ತಿರುವಿ ಹಾಕುವುದು ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಚೆನ್ನಾಗಿ ಕೊಳೆಯುತ್ತಿರುವ ರಾಶಿಯ ಒಳಗೆ ಬಿಸಿ 55ರಿಂದ 65 ಡಿಗ್ರಿ ಸೆಲ್ಸಿಯಸ್ ತನಕ ಏರುತ್ತದೆ, ತೋಡಿದರೆ ಹಬೆ ಏಳುತ್ತದೆ. ಗಾಳಿ ಆಡದಿದ್ದರೆ ನಾತ ಹೊಡೆಯುತ್ತದೆ, ಅದಕ್ಕೇ ಆಗಾಗ ಒಳಗಿನದನ್ನು ಹೊರಗೆ, ಹೊರಗಿನದನ್ನು ಒಳಗೆ ಹಾಕಬೇಕು. ಒಬ್ಬರೇ ಮಾಡಿದರೆ ಅರ್ಧ ದಿನ ಹಿಡಿಯುತ್ತದೆ, ಸೊಂಟ ಬಿದ್ದುಹೋಗುತ್ತದೆ. ಐದು ಜನ ನಿಂತರೆ ಒಂದು ಗಂಟೆಯ ಕೆಲಸ.

ಒಂದು ಸಲ ಈ ಕೆಲಸಕ್ಕೆ ನಿಂತವರಲ್ಲಿ ಒಬ್ಬ ಹಿರಿಯ ಮ್ಯಾನೇಜರ್ ಇದ್ದರು, ಆಫೀಸಿಗೆ ಸೇರಿ ಎರಡು ತಿಂಗಳಾಗಿದ್ದ ಒಬ್ಬ ಯುವತಿಯೂ ಇದ್ದರು. ನೀರಿನ ಹದ ನೋಡುವುದನ್ನು ನಾನು ಆಕೆಗೆ ಹೇಳಿಕೊಟ್ಟೆ. ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿದರೆ ಬೆರಳ ಸಂದಿಯಿಂದ ಒಂದೆರಡು ಹನಿ ಬರಬೇಕು. ಧಾರೆ ಬಂದರೆ ಜಾಸ್ತಿ, ಕೈ ಬಿಟ್ಟಾಗ ಉದುರಿದರೆ ಕಡಿಮೆ. ಮ್ಯಾನೇಜರ್ ಪೈಪು ಹಿಡಿದು ನಿಂತು "ಸಾಕಾ, ಇನ್ನೂ ಬೇಕಾ?" ಅಂತ ಕೇಳಬೇಕು, ಆಕೆ ಹಿಂಡಿ ನೋಡಿ ಹೇಳಬೇಕು. ಮೊದಲ ಸಲ "ಸಾಕು ಅನ್ನಿಸುತ್ತದೆ ಸರ್" ಅಂದದ್ದು ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಿಸಲಿಲ್ಲ. ನಾಲ್ಕನೇ ಪದರಕ್ಕೆ ಬರುವಷ್ಟರಲ್ಲಿ "ಸರ್, ನಿಲ್ಲಿಸಿ ನಿಲ್ಲಿಸಿ, ಜಾಸ್ತಿ ಆಯ್ತು, ಒಣ ಎಲೆ ಹಾಕಿ" ಅಂತ ಕೂಗುತ್ತಿದ್ದರು, ಅವರು ಪೈಪು ಬಿಸಾಕಿ ಎಲೆ ತರಲು ಓಡುತ್ತಿದ್ದರು. ಇದನ್ನು ಯಾವ ಆಟ ಆಡಿಸಿ ತರಿಸಲು ಸಾಧ್ಯ ಹೇಳಿ? ರಾಶಿಗೆ ನೀರು ಸರಿಯಾಗಿ ಬೇಕಿತ್ತು, ಅದು ಗೊತ್ತಿದ್ದದ್ದು ಆಕೆಗೆ ಮಾತ್ರ, ಅಷ್ಟೇ.

ಹಾಗಾಗಿ ಕೆಲಸ ಹಂಚುವುದನ್ನು ತೋಟದವರಿಗೇ ಬಿಡಿ. ಆಫೀಸಿನ ದೊಡ್ಡವರು ಅಲ್ಲಿಯೂ ಮೇಲ್ವಿಚಾರಣೆಗೆ ನಿಂತರೆ ಇಡೀ ದಿನ ದಂಡ. ಬೇರೆ ಬೇರೆ ವಿಭಾಗದವರನ್ನು ಒಂದೊಂದು ಮಡಿಗೆ ಸೇರಿಸಿ ಅಂತ ಮಾತ್ರ ಮೊದಲೇ ಹೇಳಿಡಿ.

ಪಂದ್ಯ ಬೇಡ. ಯಾರು ಜಾಸ್ತಿ ಸಸಿ ನೆಡುತ್ತಾರೆ ಅಂತ ಬಹುಮಾನ ಇಟ್ಟರೆ ಎಲ್ಲರೂ ಅವಸರದಲ್ಲಿ ಸಸಿಯನ್ನು ಗುಳಿಯೊಳಗೆ ತುರುಕುತ್ತಾರೆ, ಬೇರು ಮೇಲಕ್ಕೆ ಮಡಚಿಕೊಳ್ಳುತ್ತದೆ, ಸಸಿ ಏಳುವುದೇ ಇಲ್ಲ. ಮಳೆ ಬಂದು ಮಣ್ಣು ಅಂಟುತ್ತಿದ್ದರೆ ದಿನ ಮುಂದಕ್ಕೆ ಹಾಕಲು ತಯಾರಿರಿ. ಹಸಿ ಮಣ್ಣನ್ನು ಅಷ್ಟು ಕಾಲುಗಳು ತುಳಿದರೆ ಅದು ಗಟ್ಟಿಯಾಗಿ ಗಾಳಿ, ನೀರು ಇಳಿಯುವುದಿಲ್ಲ. ಎಲೆ ಒದ್ದೆ ಇರುವಾಗ ಬೀನ್ಸ್ ಗಿಡ ಮುಟ್ಟಿದರೆ ರೋಗ ಒಂದರಿಂದ ಇನ್ನೊಂದಕ್ಕೆ ಹರಡುತ್ತದೆ. ಸಿಗರೇಟು ಸೇದುವವರು ಟೊಮೆಟೊ ಗಿಡ ಮುಟ್ಟುವ ಮೊದಲು ಸೋಪು ಹಾಕಿ ಕೈ ತೊಳೆಯಲಿ, ಹೊಗೆಸೊಪ್ಪಿನ ವೈರಸ್ ಕೈಯಿಂದ ಗಿಡಕ್ಕೆ ದಾಟುತ್ತದೆ. ಟೋಪಿ, ಮುಚ್ಚಿದ ಬೂಟು, ಕುಡಿಯುವ ನೀರು ನಿಮ್ಮದು. ಟೆಟನಸ್ ಲಸಿಕೆ ಆಗಿದೆಯಾ ಅಂತ ಎಲ್ಲರೂ ನೋಡಿಕೊಳ್ಳಲಿ.

ಬಗ್ಗಲು ಆಗದವರು, ಬಿಸಿಲು ತಡೆಯದವರು ಎಲ್ಲ ಆಫೀಸಿನಲ್ಲೂ ಇರುತ್ತಾರೆ. ಅವರನ್ನು ಫೋಟೋ ತೆಗೆಯಲು ನಿಲ್ಲಿಸಬೇಡಿ, ಅದು ಅವರನ್ನು ಹೊರಗಿಟ್ಟ ಹಾಗೆ. ಮೇಜಿನ ಮೇಲೆ ಟ್ರೇಗಳಿಗೆ ಮಣ್ಣು ತುಂಬಿ ಬೀಜ ಹಾಕುವುದು, ಬೀಜ ಆರಿಸುವುದು, ಪ್ರತಿ ಮಡಿಗೆ ಹೆಸರಿನ ಚೀಟಿ ಬರೆಯುವುದು, ಇವೆಲ್ಲ ತೋಟದಲ್ಲಿ ಯಾವಾಗಲೂ ಬಾಕಿ ಇರುವ ಕೆಲಸಗಳೇ.

ಯಾರನ್ನೂ ಬಲವಂತ ಮಾಡಬೇಡಿ, ರಜೆಯ ದಿನ ಇಡಬೇಡಿ. ಸಂಬಳದ ದಿನವೇ ಇರಲಿ. 2024ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವಿಲಿಯಂ ಫ್ಲೆಮಿಂಗ್ ಅವರು ಬ್ರಿಟನ್ನಿನ 233 ಸಂಸ್ಥೆಗಳ 46,336 ಉದ್ಯೋಗಿಗಳ ಉತ್ತರಗಳನ್ನು ನೋಡಿ ಒಂದು ಅಧ್ಯಯನ ಪ್ರಕಟಿಸಿದರು. ಒತ್ತಡ ನಿಭಾಯಿಸುವ ತರಬೇತಿ, ಮನಸ್ಸು ಶಾಂತ ಮಾಡುವ ಆ್ಯಪ್, ಇಂಥವಕ್ಕೆ ಸೇರಿದವರು ಸೇರದವರಿಗಿಂತ ಚೆನ್ನಾಗಿದ್ದಾರೆ ಅಂತ ಕಾಣಲಿಲ್ಲ. ಸ್ವಲ್ಪ ಬೇರೆಯಾಗಿ ಕಂಡದ್ದು ಸ್ವಯಂಸೇವೆ ಒಂದೇ. ಮೊದಲೇ ಖುಷಿಯಾಗಿದ್ದವರು ಸ್ವಯಂಸೇವೆಗೆ ಹೋಗಿರಲೂಬಹುದು, ಹಾಗಾಗಿ ಇದನ್ನೇ ಹಿಡಿದುಕೊಂಡು ಎಚ್‌ಆರ್‌ಗೆ ದೊಡ್ಡ ಮಾತು ಕೊಡಬೇಡಿ. ಆದರೆ ಅದು ತಾನಾಗಿ ಬಂದವರ ವಿಷಯ, ಬಲವಂತಕ್ಕೆ ಬಂದವರದ್ದಲ್ಲ.

ದುಡ್ಡಿನ ಮಾತು ಆಡಲು ಹಿಂಜರಿಯಬೇಡಿ. ನಿಮ್ಮ ಒಂದು ದಿನಕ್ಕಾಗಿ ತೋಟದವರು ಎರಡು ದಿನ ಮೊದಲೇ ಸನಿಕೆ, ಗುದ್ದಲಿ ಹೊಂದಿಸಿ, ಮಡಿ ಗುರುತು ಮಾಡಿ, ಆ ದಿನ ತಮ್ಮ ಕೆಲಸ ಬಿಟ್ಟು ನಿಮಗೆ ಹೇಳಿಕೊಡುತ್ತಾರೆ. ಕಂಪನಿ ಆ ಖರ್ಚು ಕೊಡಬೇಕು. ಕೇಳುವುದಕ್ಕೆ ಅವರಿಗೆ ಸಂಕೋಚ, ನೀವೇ ಮೊದಲು ಹೇಳಿ.

ನೆಟ್ಟವರೇ ಕೊಯ್ಯಲು ಬರುವ ಹಾಗೆ ತಾರೀಕು ಹಾಕಲು ಆದರೆ ಹಾಕಿ. ಮೊದಲ ಹತ್ತು ಜನರ ಗುಂಪು ಒಂದು ಸಲ ಹೋಗಿ ಬರಲಿ, ಎರಡನೇ ಗುಂಪಿಗೆ ಕೆಲಸ ಹೇಳಿಕೊಡಲು ಅವರಲ್ಲೇ ಇಬ್ಬರು ಜೊತೆಗೆ ಹೋಗಲಿ. ಹೀಗೆ ಮಾಡಿದಾಗ ತೋಟದವರ ಹೊರೆ ಅರ್ಧ ಇಳಿಯುತ್ತದೆ. ತೋಟದವರು ಯಾವ ಕೆಲಸ ಹೇಳಿದರು ಅಂತ ಬಂದು ಇಲ್ಲಿ ಬರೆಯಿರಿ, ಎಷ್ಟು ಜನಕ್ಕೆ ಎಷ್ಟು ಸನಿಕೆ, ಎಷ್ಟು ಮಂಕರಿ ಬೇಕಾಗಬಹುದು ಅಂತ ಲೆಕ್ಕ ಹಾಕಿ ಹೇಳುತ್ತೇನೆ.