ಒಂದು ದೊಡ್ಡ ಆಸ್ಪತ್ರೆ ಏಕೆ ಸಾಲದು

ತೀವ್ರ ಅಸ್ವಸ್ಥ ಮಕ್ಕಳ ಸಂಶೋಧನೆಗೆ ಹಲವು ದೇಶಗಳೇಕೆ, ಒಂದು ದೊಡ್ಡ ಆಸ್ಪತ್ರೆ ಸಾಲದೇ ಎಂದು ಕೇಳಿದ್ದೀರಿ. ಸಾಲದು. ಆಫ್ರಿಕಾದ ಆಸ್ಪತ್ರೆಗಳಲ್ಲಿ ನಡೆದ ಫೀಸ್ಟ್ (FEAST) ಎಂಬ ಚಿಕಿತ್ಸಾ ಪ್ರಯೋಗವನ್ನೇ ನೋಡಿ. ಜ್ವರದ ಜೊತೆ ರಕ್ತಸಂಚಾರ ಕುಸಿದ ಮಗುವಿಗೆ ರಕ್ತನಾಳದ ಮೂಲಕ ಬೇಗಬೇಗನೆ ದ್ರವ ಕೊಡಬೇಕೆಂಬುದು ವ್ಯಾಪಕ ನಂಬಿಕೆಯಾಗಿತ್ತು. ಕೆನ್ಯಾ, ಉಗಾಂಡಾ, ಟಾಂಜಾನಿಯಾಗಳ ವೈದ್ಯರು ಬ್ರಿಟನ್ನಿನ ಸಂಶೋಧಕರೊಂದಿಗೆ ಸೇರಿ ಅದನ್ನು 3,141 ಮಕ್ಕಳಲ್ಲಿ ಪರೀಕ್ಷಿಸಿದರು. 2011ರಲ್ಲಿ ಬಂದ ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು: 48 ಗಂಟೆಗಳೊಳಗಿನ ಸಾವು ಹಾಗೆ ದ್ರವ ಪಡೆದವರಲ್ಲಿ ಶೇ. 10.5ರ ಆಸುಪಾಸು, ಪಡೆಯದವರಲ್ಲಿ ಶೇ. 7.3. ನೂರಕ್ಕೆ ಮೂರರ ಈ ಅಂತರ ಒಂದೇ ವಾರ್ಡಿನ ದಾಖಲೆಯಲ್ಲಿ ಯಾರ ಕಣ್ಣಿಗೆ ಬಿದ್ದೀತು? ಆದರೆ ಅಲ್ಲಿ ತೀವ್ರ ನಿಗಾ ಘಟಕಗಳಿರಲಿಲ್ಲ, ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಮಲೇರಿಯಾ ಇತ್ತು. ವೆಂಟಿಲೇಟರ್ ಇರುವ ಕಡೆಗೂ ಅದೇ ತೀರ್ಮಾನವನ್ನು ಕಣ್ಣುಮುಚ್ಚಿ ಅನ್ವಯಿಸುವುದು ನನಗೆ ಒಪ್ಪಿಗೆಯಿಲ್ಲ.