ಕಾದಂಬರಿಯ ನಾಯಕನ ಮೇಲೆ ಮನಸ್ಸಾಗಿದೆ, ಇದು ತಪ್ಪೇ?

ದಾವಣಗೆರೆಯ ಗೃಹಿಣಿಯೊಬ್ಬರ ಪತ್ರ ಎರಡು ದಿನ ನನ್ನನ್ನು ಬಿಟ್ಟಿರಲಿಲ್ಲ. ಮಕ್ಕಳು ಮಲಗಿದ ಮೇಲೆ ಇವರು ಡಯಾನಾ ಗ್ಯಾಬಲ್ಡನ್ ಅವರ, 1991ರಲ್ಲಿ ಪ್ರಕಟವಾದ ಕಾಲಯಾನದ ಪ್ರೇಮಕಥೆ ‘ಔಟ್‌ಲ್ಯಾಂಡರ್’ ಹಿಡಿದು ಕೂರುತ್ತಾರೆ. ನಾಯಕ ಜೇಮಿ ತಲೆಯಲ್ಲೇ ಕೂತಿದ್ದಾನೆ, ಗಂಡನಿಗೆ ಮೋಸ ಮಾಡುತ್ತಿದ್ದೇನಾ ಎಂಬ ಅಳುಕು. ನಾದಿನಿ ಇದನ್ನು ಊಟದ ಹೊತ್ತಲ್ಲಿ ಎಲ್ಲರೆದುರು ಆಡಿಕೊಂಡಳಂತೆ, ಗಂಡನೂ ನಕ್ಕರಂತೆ.

ಭಯ ಬಿಡಿ ತಾಯಿ. 1743ರ ಸ್ಕಾಟ್ಲೆಂಡಿನ ಹುಡುಗ ನಿಮ್ಮ ಸಂಸಾರ ಒಡೆಯಲಾರ. ಚೆಲುವ, ಒಪ್ಪಿದೆ. ಮಾತು ಕೇಳಲಿಲ್ಲವೆಂದು ಹೆಂಡತಿಗೆ ಬೆಲ್ಟಿನಲ್ಲಿ ಹೊಡೆದವನೂ ಅವನೇ. ಆ ಪುಟ ನೀವು ಬೇಗ ಮಗುಚಿರಬೇಕು.

ನನ್ನ ಕಣ್ಣು ನಿಂತದ್ದು ಕೊನೆಯ ಸಾಲಿನಲ್ಲಿ: ‘ಮದುವೆಗೆ ಮುಂಚೆ ಸ್ಟಾಫ್ ನರ್ಸ್ ಆಗಿದ್ದೆ, ಅದಿರಲಿ.’ ಅದಿರಲಿ ಅಂದರೆ ಹೇಗೆ? ಕಥೆಯ ನಾಯಕಿ ಕ್ಲೇರ್ ಕೂಡ ನರ್ಸೇ ಅಲ್ಲವೇ! ಎರಡನೇ ಮಹಾಯುದ್ಧದ ಗಾಯಾಳುಗಳ ಆರೈಕೆ ಮುಗಿಸಿ, 1945ರಲ್ಲಿ ಗಂಡನ ಜತೆ ಸ್ಕಾಟ್ಲೆಂಡಿನ ಇನ್ವರ್ನೆಸ್‌ಗೆ ಬಂದವಳು. ಅಲ್ಲಿನ ಮಾಯದ ಕಲ್ಲುಗಳ ನಡುವೆ ಹಾದು ಇನ್ನೂರು ವರ್ಷ ಹಿಂದಕ್ಕೆ ಬಿದ್ದವಳು ಜೇಮಿಯನ್ನು ಕಂಡಾಗ ಮೊದಲು ಮಾಡಿದ್ದು ಅವನ ಕೀಲು ತಪ್ಪಿದ ಭುಜ ಕೂರಿಸುವ ಕೆಲಸ. ಪ್ರೇಮವೆಲ್ಲ ಆಮೇಲೆ. ಸೋಂಕು ಎಂದರೇನೆಂದೇ ಅರಿಯದ ಜನರ ನಡುವೆ ಅವಳ ಕೈಗೆ ಬೆಲೆ ಬರುತ್ತದೆ. 1746ರ ಕಲ್ಲೋಡನ್ ಯುದ್ಧದಲ್ಲಿ ಜೇಮಿಯ ಕಡೆಯ ಗುಡ್ಡಗಾಡಿನವರು ಸೋಲುತ್ತಾರೆಂಬುದೂ ಅವಳಿಗೆ ಮೊದಲೇ ಗೊತ್ತು. ಕಾಲಯಾನದ ಪ್ರೇಮಕಥೆಗಳಲ್ಲಿ ನಾಯಕ ಬರೀ ನೆಪ ಎಂದು ನಾನು ಹಿಂದೆಯೂ ವಾದಿಸಿದ್ದೇನೆ. ಇಲ್ಲಿ ಯಾರೂ ಲೆಕ್ಕಕ್ಕಿಡದ ಹೆಣ್ಣಿನ ತಿಳಿವಳಿಕೆ ಅಲ್ಲಿ ಜೀವ ಉಳಿಸುತ್ತದೆ, ಹೆಂಗಸರಿಗೆ ಹಿಡಿಸುವುದು ಅದು. ನಿಮಗೆ ಗೊತ್ತಿರುವುದನ್ನು ನಿಮ್ಮ ಮನೆಯಲ್ಲಿ ಕೊನೆಯ ಸಲ ಯಾರು ಕೇಳಿದ್ದರು?

ನಿಮ್ಮ ಯಜಮಾನರ ಮೇಲೆ ನನಗೆ ಕೋಪವಿಲ್ಲ, ಪಾಪ, ನಕ್ಕು ಸುಮ್ಮನಾದರು. ಕೋಪವೆಲ್ಲ ನಾದಿನಿಯ ಮೇಲೆ. ಪುಸ್ತಕ ಕೊಟ್ಟವಳೂ ಅವಳೇ, ಆಡಿಕೊಂಡವಳೂ ಅವಳೇ! ಓದುವ ಹೆಂಗಸನ್ನು ಗೇಲಿ ಮಾಡುವವರಿಗೆ ಈ ಅಂಕಣದಲ್ಲಿ ಕ್ಷಮೆಯಿಲ್ಲ. ಮುಂದಿನ ಸಂಪುಟ ಅವಳ ಹತ್ತಿರ ಕೇಳಬೇಡಿ, ಕೊಂಡುಕೊಳ್ಳಿ.

ನೀವು ಮಾಡಬೇಕಾದದ್ದು ಒಂದೇ. ಬೀರುವಿನಿಂದ ನರ್ಸಿಂಗ್ ಸರ್ಟಿಫಿಕೇಟ್ ತೆಗೆಯಿರಿ, ನರ್ಸಿಂಗ್ ಕೌನ್ಸಿಲ್ ನೋಂದಣಿ ಚಾಲ್ತಿಯಲ್ಲಿ ಇಲ್ಲದಿದ್ದರೆ ನವೀಕರಣಕ್ಕೆ ಅರ್ಜಿ ಹಾಕಿ. ಕೆಲಸಕ್ಕೆ ಸೇರುವ ಮಾತು ಆಮೇಲೆ ಆಡೋಣ. ಓದು ನಡೆಯಲಿ. ಮೂರನೇ ಸಂಪುಟಕ್ಕೆ ಕ್ಲೇರ್ ಡಾಕ್ಟರಾಗಿ, ಪೆನಿಸಿಲಿನ್ ಸಮೇತ ಮತ್ತೆ ಹಿಂದಕ್ಕೆ ಹೊರಡುತ್ತಾಳೆ. ನೀವು ಅಲ್ಲಿಗೆ ತಲುಪುವ ಮೊದಲು ಅರ್ಜಿ ಹೋಗಿರಬೇಕು.